ಕೊಸರು

ಮಂಡಕ್ಕಿ ಭಟ್ಟಿಗಳ ಬೀದಿಗೆ ನನ್ನನ್ನು ಹಾಕಿದ್ದರು.
ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ,
ಮನೆಯೊಂದಕ್ಕೆ ನಲವತ್ತು ರೂಪಾಯಿ.
ದೇಶ ಎಷ್ಟು ಮುಂದೆ ಬಂತೆಂದು ಈ ಸಲ
ರಸ್ತೆ ಸೇತುವೆ ಎಣಿಸುವುದಿಲ್ಲವಂತೆ,
ಜನರ ನೆಮ್ಮದಿ ಎಣಿಸುತ್ತಾರಂತೆ.
ತರಬೇತಿಯಲ್ಲಿ ಹೇಳಿಕೊಟ್ಟಿದ್ದರು:
ಉತ್ತರವನ್ನು ಅವರ ಬಾಯಿಗೆ ಹಾಕಬಾರದು.
ನಗಬಾರದು. ಚಹಾ ಕುಡಿಯಬಾರದು.

ಮೊದಲ ಮನೆಯಲ್ಲೇ ಚಹಾ ಕುಡಿದೆ.

"ಒಂದು ಏಣಿ ನೆನೆಸಿಕೊಳ್ಳಿ," ಓದಿದೆ,
"ತುದಿಯ ಮೆಟ್ಟಿಲು ಹತ್ತು, ನೆಲ ಸೊನ್ನೆ.
ನಿಮ್ಮ ಬದುಕು ಈಗ ಎಷ್ಟನೆಯದರ ಮೇಲಿದೆ?"
ಮುಚ್ಚಿದ ಕಾಟನ್ ಮಿಲ್ಲಿನಲ್ಲಿ ನೂಲು ಎಳೆದ ಕೊಟ್ರಪ್ಪ
ಬಹಳ ಹೊತ್ತು ಗೋಡೆ ನೋಡಿದರು,
ಏಣಿಯನ್ನು ಅಲ್ಲೇ ಒರಗಿಸಿಟ್ಟ ಹಾಗೆ.
"ಕೆಳಗೆ ಹಿಡ್ಕಂಡಿರೋರು ಯಾರು?" ಅಂದರು.
ಅದಕ್ಕೆ ಆಯ್ಕೆ ಇರಲಿಲ್ಲ.
ಐದು ಒತ್ತಿದೆ. ಗೊತ್ತಾಗದಿದ್ದಾಗ ಎಲ್ಲರೂ ಐದೇ ಒತ್ತುವುದು.

ಎದುರುಮನೆಯ ತಬಸ್ಸುಮ್, ಪಿಯುಸಿ,
ಥಟ್ಟನೆ "ಒಂಬತ್ತು" ಅಂದಳು.
ಒಳಗೆ ಅವಳಮ್ಮ ಕೆಮ್ಮಿದಳು.
"ಏಳು," ಅಂದಳು.
ಕೆಮ್ಮು ನಿಲ್ಲಲಿ ಎಂದು ಇಬ್ಬರೂ ಕಾದೆವು.
ಕೊನೆಗೆ ಟ್ಯಾಬನ್ನು ತಾನೇ ಇಸಿದುಕೊಂಡು
ಏನೋ ಒತ್ತಿ, ನನಗೆ ತೋರಿಸದೆ ವಾಪಸು ಕೊಟ್ಟಳು.

ಬೀದಿಯ ತುದಿಗೆ ದಾದಾಪೀರನ ಭಟ್ಟಿ.
ಕಾದ ಮರಳಿಗೆ ಅಕ್ಕಿ ಬಿದ್ದು
ಒಂದು ಉಸಿರಿನಷ್ಟರಲ್ಲಿ ಬೆಳ್ಳಗೆ ಅರಳಿ ಎದ್ದು,
ಜರಡಿಯಲ್ಲಿ ಮರಳು ಕೆಳಗೆ, ಮಂಡಕ್ಕಿ ಮೇಲೆ.
ಅವನ ಹೆಂಡತಿ ಮಾಬುನ್ನಿ ಅಳೆಯುತ್ತಿದ್ದಳು,
ನಸುಕಿನ ಮೂರಕ್ಕೆ ಎದ್ದವಳು,
ಹೊಗೆಗೆ ಕೆಂಪಾದ ಕಣ್ಣನ್ನು ಭುಜಕ್ಕೆ ಒರೆಸಿಕೊಳ್ಳುತ್ತ.
ಪ್ರಶ್ನೆ ಹನ್ನೆರಡು: ನಿನ್ನೆ ನೀವು ನಕ್ಕಿರಾ?
ಪ್ರಶ್ನೆ ಹದಿಮೂರು: ಕಷ್ಟಕ್ಕೆ ಆಗುವವರು
"ನಿಂದ್ರಮ್ಮ," ಅಂದಳು, "ಗಿರಾಕಿ ಐತಿ."

ಒಬ್ಬ ಮುದುಕಿ. ಎರಡು ಸೇರು.
ಮಾಬುನ್ನಿ ಗುಡ್ಡೆ ಬರುವಂತೆ ಸೇರು ತುಂಬಿ ಸುರಿದಳು,
ಮತ್ತೊಂದು ಸುರಿದಳು,
ಆಮೇಲೆ, ದುಡ್ಡು ಕೈಸೇರಿ ಲೆಕ್ಕ ಮುಗಿದ ಮೇಲೆ,
ಎರಡು ಕೈ ಕೂಡಿಸಿ ಒಂದು ಬೊಗಸೆ ಹಾಕಿದಳು.
ಮುದುಕಿ ಕೇಳಿರಲಿಲ್ಲ. ಏನೂ ಹೇಳಲೂ ಇಲ್ಲ.
ಚೀಲದ ಬಾಯನ್ನು ಮಾತ್ರ ಒಂದಿಷ್ಟು ಹೊತ್ತು
ತೆರೆದೇ ಹಿಡಿದುಕೊಂಡಿದ್ದಳು.

"ಅದಕ್ಕೆ ದುಡ್ಡು?" ಅಂದೆ. ಫಾರಮ್ಮಿನಲ್ಲಿಲ್ಲದ ಪ್ರಶ್ನೆ.
"ಕೊಸರಿಗೆ ಯಾರಾರ ದುಡ್ಡು ಇಸ್ಕಂತಾರೇನು?"
ಭಟ್ಟಿಯ ಬಾಯಿಂದಲೇ ದಾದಾಪೀರ ಕೂಗಿದ:
"ಇಸ್ಕಳದಿಲ್ಲ, ಅದಕ್ಕೇ ನಮ್ಮನಿ ಉದ್ಧಾರ ಆಗಿಲ್ಲ!"
ಇಬ್ಬರೂ ನಕ್ಕರು. ಹಳೆಯ ಜಗಳ,
ಸೇರಿನ ಅಂಚಿನ ಹಾಗೆ ಸವೆದು ನುಣ್ಣಗಾದದ್ದು.
ಪ್ರಶ್ನೆ ಹನ್ನೆರಡಕ್ಕೆ ನಿನ್ನೆಯ ನಗೆ ಮಾತ್ರ ಬೇಕಿತ್ತು.

ನನಗೆ ಸಿಕ್ಕಿತೆನ್ನಿಸಿತು.
ದೇಶವೇ ಹುಡುಕುತ್ತಿರುವ ಮಾನದಂಡ
ಈ ಎರಡು ಸುಟ್ಟ ಅಂಗೈಗಳ ನಡುವೆ ಸಿಕ್ಕಿತೆಂದು
ಟೈಪು ಮಾಡಲು ಹೊರಟೆ.
ಮಾಬುನ್ನಿ ನನ್ನ ಬೆರಳು ನೋಡಿದಳು.

"ಅದನ್ನ ಬರೀಬ್ಯಾಡ."
"ಯಾಕೆ?"
"ಇವ್ರಿಗೆ ಕೊಸರು ಐತಿ ಅಂತ ಗೊತ್ತಾದ್ರೆ
ಸೇರು ಸಣ್ಣದು ಮಾಡ್ತಾರೆ.
ಬರೀದಾದ್ರೆ ಹೊಗಿ ಕೊಳವಿ ಎತ್ತರ ಮಾಡ್ಸಿಕೊಡ್ರಿ ಅಂತ ಬರಿ.
ಆ ಹುಡುಗಿಯವ್ವ ರಾತ್ರಿಯೆಲ್ಲ ಕೆಮ್ಮುತಾಳೆ,
ನಮ್ಮ ಹೊಗಿಗೇ."

ಸಂಜೆ ಕಚೇರಿಯಲ್ಲಿ ಮೇಲ್ವಿಚಾರಕರು ಗಡಿಯಾರ ತೋರಿಸಿದರು:
ಒಂದೇ ಮನೆಗೆ ಮೂವತ್ತೊಂದು ನಿಮಿಷ ಯಾಕೆ?
ಬೀದಿಯ ಸರಾಸರಿ ಐದು ಪಾಯಿಂಟ್ ನಾಲ್ಕು ಬಂದಿತ್ತು.
"ಪಾಯಿಂಟ್ ಬಿಡ್ರಿ," ಅಂದರು, "ಐದು."
ಬೊಗಸೆಯಷ್ಟು ಬಿಟ್ಟೆವು.

ಮಾಬುನ್ನಿಯ ಮಾತು ನಡೆಸಿದ್ದೆ. ಕೊಸರು ಬರೆದಿರಲಿಲ್ಲ.
ಕೊಳವೆಯದನ್ನು ಬರೆದಿದ್ದೆ, 'ಇತರೆ' ಎಂಬ ಕಾಲಮ್ಮಿನಲ್ಲಿ.
ಕಿರಿದು ಜಾಗ, ನಾಲ್ಕಾರು ಅಕ್ಷರ ಹಿಡಿಯುವಷ್ಟು.
ಈಗ ಅದು ದಾವಣಗೆರೆ ದಾಟಿ ಮೇಲೆ ಹೋಗಿರಬೇಕು:

ಹೊಗೆ ಕೊಳವೆ ಎತ್ತ